ನಾಯಿ ಸತ್ತದ್ದಕ್ಕೆ ಇಷ್ಟೊಂದಾ?

ಕೆಂಚ ಹೋದ ಮಾರನೆಯ ದಿನ ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಿ, "ಇವತ್ತು ಬರೋಕಾಗಲ್ಲ ಸಾರ್, ಅವನು ಹೋಗ್ಬಿಟ್ಟ" ಎಂದೆ. ಆ ಕಡೆಯ ದನಿ ಸಣ್ಣಗಾಯಿತು. "ಅಯ್ಯೋ, ಯಾರು?" ಎಂದರು. "ಕೆಂಚ ಸಾರ್, ನಮ್ಮನೆ ನಾಯಿ" ಎಂದೆ. ಒಂದು ಗಳಿಗೆ ಸುಮ್ಮನಿದ್ದು, "ಓ, ನಾಯೀನಾ" ಎಂದರು. ಕೆಟ್ಟ ಮನುಷ್ಯರೇನಲ್ಲ. ರಜೆಯನ್ನೂ ಕೊಟ್ಟರು. ಆದರೆ ಆ "ಓ" ಅಂದಾಗ ಅವರ ಎದೆ ಹಗುರಾದದ್ದು ನನಗೆ ಫೋನಿನಲ್ಲೇ ಕೇಳಿಸಿತು. ರಜೆ ಅರ್ಜಿಯಲ್ಲಿ ಕಾರಣ ಎಂಬ ಕಡೆ ಜ್ವರ ಎಂದು ಬರೆದೆ.

ಕನ್ನಡದ ವ್ಯಾಕರಣದಲ್ಲಿ ನಾಯಿ 'ಅದು'. ನಾಯಿ ಸಾಕಿದ ಮನೆಗಳಲ್ಲಿ ಮಾತ್ರ ಅದು ಯಾವತ್ತೋ ಒಂದು ದಿನ, ಯಾರೂ ಗಮನಿಸದ ಹಾಗೆ, 'ಅವನು' ಅಥವಾ 'ಅವಳು' ಆಗಿರುತ್ತದೆ. 'ಅವನು ಊಟ ಮಾಡಿದ್ನಾ', 'ಅವಳಿಗೆ ಚಳಿ ಆಗ್ತಿದೆ ನೋಡು'. ಹದಿಮೂರು ವರ್ಷ ಹೀಗೇ ನಡೆಯುತ್ತದೆ. ಸತ್ತ ದಿನ ಹೊರಗಿನವರ ಮುಂದೆ ಮತ್ತೆ 'ಅದು ಸತ್ತೋಯ್ತು' ಎಂದು ತಿದ್ದಿಕೊಳ್ಳಬೇಕಾಗುತ್ತದೆ. ನಾಯಿ ಕಳೆದುಕೊಂಡವರ ದುಃಖ ಯಾಕೆ ಇಷ್ಟು ವಿಚಿತ್ರ, ಯಾಕೆ ಕೆಲವರಿಗೆ ಹತ್ತಿರದ ನೆಂಟರು ಹೋದಾಗಲೂ ಬಾರದಷ್ಟು ಅಳು ಬರುತ್ತದೆ ಎಂದು ಯೋಚಿಸಿದಾಗ ನನಗೆ ಎರಡು ಸಂಗತಿ ಬೇರೆ ಬೇರೆಯಾಗಿ ಕಂಡವು. ನಾಯಿ ಇಲ್ಲದ್ದು ಒಂದು. ಆ ದುಃಖವನ್ನು ಇಟ್ಟುಕೊಳ್ಳಲು ಎಲ್ಲೂ ಜಾಗ ಇಲ್ಲದ್ದು ಇನ್ನೊಂದು. ಎರಡನೆಯದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮನುಷ್ಯರು ಸತ್ತರೆ ನಮ್ಮಲ್ಲಿ ಎಷ್ಟು ಕೆಲಸ ಇರುತ್ತದೆ ನೋಡಿ. ಒಲೆ ಹಚ್ಚುವ ಹಾಗಿಲ್ಲ, ಪಕ್ಕದ ಮನೆಯವರು ಅನ್ನ ಸಾರು ತರುತ್ತಾರೆ. ಸೂತಕ ಅಂತ ಹತ್ತು ದಿನ ದೇವರ ಮನೆ ಬಾಗಿಲು ಹಾಕುತ್ತೇವೆ. ನೆಂಟರು ಬಂದು ಅದೇ ಮಾತನ್ನು ಹತ್ತು ಸಲ ಕೇಳುತ್ತಾರೆ, ನಾವು ಹತ್ತು ಸಲ ಹೇಳುತ್ತೇವೆ. ಆಸ್ಪತ್ರೆಗೆ ಎಷ್ಟು ಗಂಟೆಗೆ ಹೋದಿರಿ, ಕೊನೆಗೆ ಏನಾದರೂ ಮಾತಾಡಿದರಾ. ಆಗ ಸಿಟ್ಟು ಬರುತ್ತದೆ, ನಿಜ. ಆದರೆ ಹಾಗೆ ಹೇಳಿ ಹೇಳಿಯೇ ಆಗಿದ್ದು ಆಗಿದೆ ಎಂದು ಮೈಗೆ ಒಗ್ಗುವುದು. ಹನ್ನೊಂದನೇ ದಿನ, ತಿಂಗಳು, ವರ್ಷಾಬ್ದಿಕ ಎಲ್ಲವೂ ದುಃಖಕ್ಕೆ ಹಾಕಿದ ಮೆಟ್ಟಿಲುಗಳು. ನಾಯಿ ಸತ್ತರೆ ಇದ್ಯಾವುದೂ ಇಲ್ಲ. ಸಂಜೆ ಮಣ್ಣು ಮಾಡಿ ಬಂದು ಸ್ನಾನ ಮಾಡಿದರೆ ಮುಗಿಯಿತು, ಬೆಳಿಗ್ಗೆ ಕುಕ್ಕರ್ ಕೂಗುತ್ತದೆ, ಡಬ್ಬಿ ಕಟ್ಟಿಕೊಂಡು ಹೊರಡಬೇಕು.

ಇದಕ್ಕೆ ಒಂದು ಹೆಸರಿದೆ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ 'ಡಿಸ್‌ಎನ್‌ಫ್ರಾಂಚೈಸ್ಡ್ ಗ್ರೀಫ್' ಎಂಬ ಮಾತು ಬಳಕೆಗೆ ತಂದರು. ಹಕ್ಕು ಸಿಗದ ದುಃಖ ಎನ್ನಬಹುದು. ದುಃಖ ಇದೆ, ಆದರೆ ಅದನ್ನು ತೋರಿಸುವ ಹಕ್ಕು ನಿನಗಿಲ್ಲ ಎಂದು ಸುತ್ತಲಿನವರು ಬಾಯಿಬಿಟ್ಟು ಹೇಳದೆಯೇ ಹೇಳುತ್ತಿರುತ್ತಾರೆ. ಗರ್ಭ ನಿಲ್ಲದೆ ಹೋದವರು, ಯಾರಿಗೂ ಗೊತ್ತಿಲ್ಲದ ಪ್ರೀತಿಯನ್ನು ಕಳೆದುಕೊಂಡವರು, ಬಿಟ್ಟು ಹೋದ ಗಂಡ ಸತ್ತಾಗ ಅಳಬೇಕೋ ಬೇಡವೋ ಗೊತ್ತಾಗದವರು ಎಲ್ಲ ಇದೇ ಸಾಲಿನಲ್ಲಿ ಬರುತ್ತಾರೆ. ನಾಯಿ ಕಳೆದುಕೊಂಡವರೂ ಅಲ್ಲೇ. ಇಲ್ಲಿ ತೊಂದರೆ ಇಮ್ಮಡಿ. ನೋವು ಒಂದು ಕಡೆ, ಆ ನೋವಿಗೆ ನಾಚಿಕೆ ಪಡುವುದು ಇನ್ನೊಂದು ಕಡೆ. 'ಅಪ್ಪ ಅಮ್ಮ ಸತ್ತವರೇ ಸುಮ್ಮನೆ ಕೆಲಸಕ್ಕೆ ಹೋಗ್ತಾರೆ, ನನಗೇನಾಗಿದೆ' ಎಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳುತ್ತೇವೆ.

ಇದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. ನಾಯಿಪಾಡು ಅನ್ನುತ್ತೇವೆ, ನಾಯಿ ಸತ್ತ ಹಾಗೆ ಸತ್ತ ಅನ್ನುತ್ತೇವೆ. ಯಾರೂ ಕೇಳದ ಸಾವಿಗೆ ಉಪಮೆಯೇ ನಾಯಿ ಸಾವು. ಆದರೆ ಇದೇ ಕನ್ನಡದಲ್ಲಿ ಇನ್ನೊಂದು ಮಾತೂ ಇದೆ, ಅದೂ ಕಲ್ಲಿನ ಮೇಲೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 949-50ನೇ ಇಸವಿಯ ಒಂದು ಶಾಸನ ಸಿಕ್ಕಿದೆ. ತಕ್ಕೋಲದಲ್ಲಿ ಚೋಳರ ಜೊತೆ ನಡೆದ ಯುದ್ಧದ ಕಾಲ ಅದು. ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರನಿಗೆ, ಮೆಚ್ಚಿದ್ದೇನೆ, ಏನು ಬೇಕೋ ಬೇಡಿಕೋ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೆರ ಅದಕ್ಕೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಮುಖಾಮುಖಿಯಾಗಿವೆ. ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಬರೆಸಿದ್ದಾನೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈಗಲೂ ಆ ಕಲ್ಲು ಇದೆ. ನಾಯಿಗಾಗಿ ಅತ್ತ ಮೊದಲನೆಯ ಕನ್ನಡಿಗ ನೀವೇನಲ್ಲ, ಸಾವಿರ ವರ್ಷ ಮೊದಲೇ ಒಬ್ಬ ಅದಕ್ಕೆ ಪೂಜೆಯನ್ನೂ ಭೂಮಿಯನ್ನೂ ಗೊತ್ತು ಮಾಡಿ ಹೋಗಿದ್ದಾನೆ.

ಈಗ ಮೊದಲನೆಯ ಸಂಗತಿ. ನಾಯಿ ಇಲ್ಲದ್ದು ಯಾಕೆ ಅಷ್ಟು ಆಳಕ್ಕೆ ಇಳಿಯುತ್ತದೆ?

ಇದಕ್ಕೆ ಮೈಯ ಕಡೆಯಿಂದ ಒಂದು ಉತ್ತರ ಇದೆ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ನಾಯಿಗಳನ್ನೂ ಅವುಗಳ ಮನೆಯವರನ್ನೂ ಒಂದು ಕೋಣೆಯಲ್ಲಿ ಅರ್ಧ ಗಂಟೆ ಬಿಟ್ಟು ನೋಡಿದರು. ಪರಸ್ಪರ ಜಾಸ್ತಿ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಜೋಡಿಗಳಲ್ಲಿ ನಾಯಿಗೂ ಮನುಷ್ಯರಿಗೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಏರಿತ್ತು. ತಾಯಿ ಮಗುವಿನ ನಂಟಿಗೆ ನೀರೆರೆಯುವ ಹಾರ್ಮೋನು ಅದೇ. ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳ ಜೊತೆ ಹೀಗಾಗಲಿಲ್ಲ. ಅಂದರೆ 'ನಾಯಿಯನ್ನು ಮಗು ಅಂತೀರಲ್ಲ' ಎಂದು ನಗುವವರಿಗೆ ಹೇಳಬಹುದು, ಹಾಗೆ ಅನ್ನುವುದು ನಾವಲ್ಲ, ನಮ್ಮ ರಕ್ತ. ನಾಯಿಯ ಹುಬ್ಬಿನ ಒಳತುದಿಯನ್ನು ಮೇಲಕ್ಕೆತ್ತುವ ಒಂದು ಸಣ್ಣ ಸ್ನಾಯು ಇದೆ, ಅದು ತೋಳಗಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೀವು ಚಕ್ಕುಲಿ ತಿನ್ನುವಾಗ ಎದುರು ಕೂತು ಮಾಡುವ ಆ ಮುಖ ಇದೆಯಲ್ಲ, ಅದನ್ನು ಮಾಡುವುದು ಆ ಸ್ನಾಯು. ಸಾವಿರಾರು ವರ್ಷ ನಮ್ಮ ಜೊತೆ ಇದ್ದು ಬೆಳೆಸಿಕೊಂಡಿದ್ದು.

ಎಷ್ಟು ಸಾವಿರ ವರ್ಷ ಎಂದರೆ, ಜರ್ಮನಿಯ ಬಾನ್ ಹತ್ತಿರದ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಒಂದು ಸಮಾಧಿ ಸಿಕ್ಕಿತು. ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಮರಿಯ ಮೂಳೆಗಳು. ಆ ಮರಿಯ ಹಲ್ಲುಗಳನ್ನು ಆಮೇಲೆ ಪರೀಕ್ಷೆ ಮಾಡಿದವರಿಗೆ ಡಿಸ್ಟೆಂಪರ್ ಎಂಬ ನಾಯಿಗಳ ವೈರಸ್ ಕಾಯಿಲೆ ಬಂದಿದ್ದರ ಗುರುತು ಕಂಡಿತು. ಡಿಸ್ಟೆಂಪರ್ ಬಂದ ಮರಿ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು, ನೀರು ಕುಡಿಸುವುದಕ್ಕೂ ಒಬ್ಬರು ಬೇಕು. ಆ ಮರಿ ವಾರಗಟ್ಟಲೆ ಬದುಕಿತ್ತು. ಬೇಟೆಗೂ ಬಾರದ, ಕಾವಲಿಗೂ ಬಾರದ ಒಂದು ಕಾಯಿಲೆ ಮರಿಯನ್ನು ಯಾರೋ ಕೂತು ನೋಡಿಕೊಂಡಿದ್ದಾರೆ, ಆಗ ಇನ್ನೂ ಯಾರೂ ಒಂದು ಕಾಳು ಬಿತ್ತಿರಲಿಲ್ಲ.

ಆದರೆ ನನಗೆ ಹಾರ್ಮೋನಿಗಿಂತ ಜಾಸ್ತಿ ಅರ್ಥವಾದ ಉತ್ತರ ಅಭ್ಯಾಸದ್ದು. ನಾಯಿಯ ಜೊತೆ ನಾವು ಮಾತಿನಲ್ಲಿ ಬದುಕಿರುವುದಿಲ್ಲ, ಕೈಕಾಲಿನಲ್ಲಿ ಬದುಕಿರುತ್ತೇವೆ. ಬೆಳಿಗ್ಗೆ ಕಾಲು ಕೆಳಗಿಡುವಾಗ ಸ್ವಲ್ಪ ಪಕ್ಕಕ್ಕೆ ಇಡುತ್ತೇವೆ, ಅಲ್ಲಿ ಅವನು ಮಲಗಿರುತ್ತಾನೆ ಅಂತ. ಗೇಟಿನ ಚಿಲಕವನ್ನು ಸದ್ದಾಗದ ಹಾಗೆ ತೆಗೆಯುತ್ತೇವೆ. ಚಪಾತಿ ಲಟ್ಟಿಸುವಾಗ ಕೊನೆಗೆ ಒಂದು ದಪ್ಪದ್ದು. ಪಾರ್ಲೆ ಜಿ ಪೊಟ್ಟಣ ಬಿಚ್ಚುವಾಗ ಎಡಗಣ್ಣು ಬಾಗಿಲ ಕಡೆ. ಇದನ್ನೆಲ್ಲ ದಿನಕ್ಕೆ ಮೂವತ್ತು ನಲವತ್ತು ಸಲ, ಹತ್ತು ಹನ್ನೆರಡು ವರ್ಷ ಮಾಡಿರುತ್ತೇವೆ. ಅವನು ಸತ್ತ ಎಂದು ತಲೆಗೆ ಒಂದು ಸಲ ಹೇಳಿದರೆ ಸಾಕು. ಕಾಲಿಗೆ, ಕೈಗೆ, ಕಿವಿಗೆ ಬೇರೆ ಬೇರೆಯಾಗಿ ಹೇಳಬೇಕು, ಅವು ಒಂದೊಂದೂ ತಮ್ಮ ಪಾಡಿಗೆ ತಾವು ಹೊಸದಾಗಿ ತಿಳಿದುಕೊಳ್ಳುತ್ತವೆ, ಪ್ರತಿ ಸಲವೂ ಅಷ್ಟೇ ನೋವಾಗುತ್ತದೆ. ದೂರದ ಊರಿನ ದೊಡ್ಡಪ್ಪ ತೀರಿಕೊಂಡಾಗ ಬಾರದ ಅಳು ನಾಯಿಗೆ ಬರುವುದು ಇದಕ್ಕೇ. ದೊಡ್ಡಪ್ಪನ ಮೇಲೆ ಪ್ರೀತಿ ಕಡಿಮೆ ಅಂತಲ್ಲ. ದೊಡ್ಡಪ್ಪ ನಮ್ಮ ದಿನದ ಒಳಗೆ ಇರಲಿಲ್ಲ, ಅಷ್ಟೇ.

ಕೆಲವರಿಗೆ ಸತ್ತ ಮೇಲೂ ಉಗುರಿನ ಟಿಕಟಿಕ ಕೇಳುತ್ತದೆ. ನನಗೆ ಮೂರು ವಾರ ಕೇಳಿತು, ರಾತ್ರಿ ಎರಡು ಗಂಟೆಗೆ, ಹಾಲಿನಿಂದ ಅಡುಗೆಮನೆಗೆ. ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ ಎಂದು ಸುಮ್ನಿದ್ದೆ. ಒಂದು ದಿನ ಅಮ್ಮನೇ, "ನಿಂಗೂ ಕೇಳ್ಸುತ್ತಾ?" ಎಂದಳು. ಡೇವಿ ರೀಸ್ ಎಂಬ ವೈದ್ಯರು 1971ರಲ್ಲಿ ವೇಲ್ಸ್‌ನ 293 ವಿಧವೆ ವಿಧುರರನ್ನು ಮಾತಾಡಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತವರು ಹತ್ತಿರ ಇದ್ದಂತೆ ಅನಿಸಿದ್ದು, ಕಂಡದ್ದು, ಕೇಳಿದ್ದು ಉಂಟು ಎಂದಿದ್ದರು. ಅದು ಗಂಡ ಹೆಂಡತಿಯ ಮಾತು, ಆದರೆ ನಾಯಿ ಬೆಕ್ಕು ಕಳೆದುಕೊಂಡವರೂ ಇದನ್ನೇ ಹೇಳುತ್ತಾರೆ. ಮಿದುಳು ಬರಬೇಕಾದ ಸದ್ದಿಗೆ ಕಾಯುತ್ತಿರುತ್ತದೆ, ಫ್ರಿಜ್ಜು ಟಿಕ್ ಅಂದರೂ ಅದನ್ನೇ ಮಾಡಿಕೊಳ್ಳುತ್ತದೆ. ಹುಚ್ಚೂ ಅಲ್ಲ, ದೆವ್ವವೂ ಅಲ್ಲ. ತಾನಾಗಿ ಕಡಿಮೆಯಾಗುತ್ತದೆ. ಕಡಿಮೆಯಾದಾಗ ಅದಕ್ಕೂ ಒಂದು ಸಲ ಬೇಜಾರಾಗುತ್ತದೆ, ಅದು ಬೇರೆ ಮಾತು.

ಇನ್ನು ತಪ್ಪಿತಸ್ಥ ಭಾವ. ಇದರ ಮೇಲೆ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾಯಿಯ ದುಃಖದಲ್ಲಿ ಇರುವಷ್ಟು ತಪ್ಪಿತಸ್ಥ ಭಾವ ನಾನು ಬೇರೆಲ್ಲೂ ನೋಡಿಲ್ಲ.

ಕೆಂಚನಿಗೆ ಆಗಿದ್ದು ಕಿಡ್ನಿ ತೊಂದರೆ. ನೀರು ಜಾಸ್ತಿ ಕುಡಿಯುತ್ತಿದ್ದ, ಬೇಸಿಗೆ ಅಲ್ವಾ ಅಂದುಕೊಂಡೆವು. ಎರಡು ಸಲ ಮನೆಯೊಳಗೆ ಉಚ್ಚೆ ಮಾಡಿದ, ವಯಸ್ಸಾಯಿತು ಅಂದುಕೊಂಡೆವು. ಊಟ ಬಿಟ್ಟಾಗ ರಕ್ತ ಪರೀಕ್ಷೆ ಮಾಡಿಸಿದರೆ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ಆಗಲೇ ಮೇಲೆ ಹೋಗಿತ್ತು. 'ಒಂದು ತಿಂಗಳು ಮೊದಲೇ ಕರಕೊಂಡು ಹೋಗಿದ್ದರೆ' ಎಂಬ ವಾಕ್ಯ ನನ್ನ ತಲೆಯಲ್ಲಿ ಎಷ್ಟು ಸಾವಿರ ಸಲ ಓಡಿತೋ. ಆಮೇಲೆ ಓದಿ ತಿಳಿದಿದ್ದು ಏನೆಂದರೆ, ನಾಯಿಯ ಕಿಡ್ನಿ ಮೂರರಲ್ಲಿ ಎರಡು ಪಾಲು ಕೆಲಸ ನಿಲ್ಲಿಸುವ ತನಕ ಹೊರಗೆ ಏನೂ ಕಾಣುವುದಿಲ್ಲ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಮುಕ್ಕಾಲು ಪಾಲು ಹೋಗಿರುತ್ತದೆ. ಜೊತೆಗೆ ನಾಯಿ ನೋವನ್ನು ಮುಚ್ಚಿಡುತ್ತದೆ, ಕುಂಟುತ್ತಾ ಬಂದರೂ ಬಾಲ ಆಡಿಸುತ್ತದೆ. ಈಗ ಹಿಂದೆ ತಿರುಗಿ ನೋಡಿದರೆ ಎಲ್ಲ ಗುರುತುಗಳೂ ಸಾಲಾಗಿ ನಿಂತಂತೆ ಕಾಣುತ್ತವೆ. ಆಗ ಅವು ನೂರು ಬೇರೆ ಸಂಗತಿಗಳ ನಡುವೆ ಚೆಲ್ಲಿಕೊಂಡಿದ್ದವು. ಕೊನೆ ಗೊತ್ತಾದ ಮೇಲೆ ಕಥೆಯೆಲ್ಲ ಮೊದಲೇ ಗೊತ್ತಿತ್ತು ಅನಿಸುವುದು ಮನುಷ್ಯರೆಲ್ಲರಿಗೂ ಇರುವ ಭ್ರಮೆ.

ಆಮೇಲೆ ಇಂಜೆಕ್ಷನ್ ಮಾತು. ಹತ್ತು ದಿನ ಡ್ರಿಪ್ ಹಾಕಿಸಿದ ಮೇಲೆ ಡಾಕ್ಟರು, "ಇನ್ನು ನೀವೇ ಯೋಚನೆ ಮಾಡಿ" ಎಂದರು. ನೀವೇ ಯೋಚನೆ ಮಾಡಿ ಎಂಬ ಈ ಮಾತಿನ ಭಾರ ಯಾಕೆ ಇಷ್ಟು ಎಂದರೆ, ನಮ್ಮ ದೇಶದಲ್ಲಿ ಸಾಮಾನ್ಯ ಮನುಷ್ಯನೊಬ್ಬ ಇನ್ನೊಂದು ಜೀವದ ಬಗ್ಗೆ ಇಂಥ ತೀರ್ಮಾನ ಮಾಡುವ ಸಂದರ್ಭ ಇದೊಂದೇ. ಮನುಷ್ಯರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ್ದು ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ಮಾತ್ರ, ಅದಕ್ಕೂ ವೈದ್ಯರ ಮಂಡಳಿಗಳು ಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇವತ್ತಿಗೂ ಇಲ್ಲ. ಅಜ್ಜಿ ನರಳುತ್ತಿದ್ದರೆ ದೇವರೇ ಬೇಗ ಕರಕೋ ಅನ್ನುತ್ತೇವೆ, ಜವಾಬ್ದಾರಿ ದೇವರದ್ದು. ನಾಯಿಯ ವಿಷಯದಲ್ಲಿ ಆ ಜವಾಬ್ದಾರಿಯನ್ನು ಒಂದು ಸಂಜೆ, ಹಾಲಿನಲ್ಲಿ ಕೂತು, ಟೀವಿ ಆರಿಸಿ, ಮೂರು ನಾಲ್ಕು ಜನ ಹೊತ್ತುಕೊಳ್ಳಬೇಕು. ಅಭ್ಯಾಸವೇ ಇಲ್ಲದ ಕೆಲಸ. ಕೊಡಿಸಿದವರಿಗೆ ನಾನೇ ಕೊಂದೆ ಅನಿಸುತ್ತದೆ. ಕೊಡಿಸದೆ ಕಾದವರಿಗೆ ಸುಮ್ನೆ ನರಳಿಸಿದೆ ಅನಿಸುತ್ತದೆ. ದುಡ್ಡಿನ ಲೆಕ್ಕ ಹಾಕಿದವರಿಗಂತೂ ಆ ಲೆಕ್ಕ ವರ್ಷಗಟ್ಟಲೆ ಕಣ್ಣ ಮುಂದೆ ಇರುತ್ತದೆ. ಯಾವ ದಾರಿ ಹಿಡಿದರೂ ಅದರ ತುದಿಯಲ್ಲಿ ತಪ್ಪಿತಸ್ಥ ಭಾವ ಕೂತಿರುತ್ತದೆ ಎಂದಾದರೆ, ಅದು ನೀವು ಹಿಡಿದ ದಾರಿಯ ತಪ್ಪು ಹೇಗಾದೀತು?

ಈ ತೀರ್ಮಾನ ಇನ್ನೂ ಮುಂದಿರುವವರಿಗೆ ಒಂದು ಅಳತೆಗೋಲು ಇದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಮಾಡಿದ್ದು. ನೋವು, ಹಸಿವು, ನೀರು, ಚೊಕ್ಕಟ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇವೆಯಾ ಎಂಬುದು, ಹೀಗೆ ಏಳು ವಿಷಯಕ್ಕೆ ಹತ್ತತ್ತು ಅಂಕ. ಎಪ್ಪತ್ತರಲ್ಲಿ ಮೂವತ್ತೈದು ದಾಟಿದರೆ ಇನ್ನೂ ಆರೈಕೆ ಮುಂದುವರಿಸಬಹುದು ಎಂದು ಲೆಕ್ಕ. ಅಂಕಕ್ಕಿಂತ ಅದರ ನಿಜವಾದ ಉಪಯೋಗ ಬೇರೆ. ಮನೆಯವರೆಲ್ಲ ಬೇರೆ ಬೇರೆಯಾಗಿ ಅಂಕ ಕೊಟ್ಟು ಆಮೇಲೆ ಹೋಲಿಸಿ ನೋಡಿ. ನಮ್ಮ ಮನೆಯಲ್ಲಿ ಖುಷಿಗೆ ಅಪ್ಪ ಆರು ಕೊಟ್ಟಿದ್ದರು, ಅಮ್ಮ ಒಂದು. ದಿನವಿಡೀ ಅವನ ಜೊತೆ ಇದ್ದವಳು ಅಮ್ಮ. ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೆ ಒಂದು ಗೀಟು, ಕೆಟ್ಟ ದಿನಕ್ಕೆ ಒಂದು ಸೊನ್ನೆ ಹಾಕುತ್ತಾ ಹೋದರೂ ಸಾಕು.

ಇಂಜೆಕ್ಷನ್ ಕೊಡುವಾಗ ಏನಾಗುತ್ತದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ, ಹೇಳಬೇಕು. ಸಾಮಾನ್ಯವಾಗಿ ಮೊದಲು ಮಂಪರು ಬರಿಸುವ ಮದ್ದು ಕೊಡುತ್ತಾರೆ. ಆಮೇಲೆ ಕಾಲಿನ ರಕ್ತನಾಳಕ್ಕೆ ಅರಿವಳಿಕೆ ಮದ್ದನ್ನು ತುಂಬಾ ಹೆಚ್ಚಿನ ಪ್ರಮಾಣದಲ್ಲಿ. ಕೆಲವು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಉಸಿರು ನಿಲ್ಲುತ್ತದೆ, ಕೆಲವು ನಿಮಿಷದೊಳಗೆ ಹೃದಯವೂ. ಕಣ್ಣು ಮುಚ್ಚುವುದಿಲ್ಲ, ಯಾಕೆಂದರೆ ರೆಪ್ಪೆ ಮುಚ್ಚುವುದಕ್ಕೂ ಸ್ನಾಯು ಕೆಲಸ ಮಾಡಬೇಕು. ಉಸಿರು ನಿಂತ ಮೇಲೂ ಒಂದೆರಡು ಸಲ ದೀರ್ಘವಾಗಿ ಉಸಿರೆಳೆದಂತೆ ಆಗಬಹುದು, ಕಾಲು ಅದುರಬಹುದು, ಉಚ್ಚೆ ಹೋಗಬಹುದು. ಯಾವುದೂ ನೋವಲ್ಲ, ಅವನಿಗೆ ಆಗ ಏನೂ ಗೊತ್ತಾಗುತ್ತಿರುವುದಿಲ್ಲ. ಇದು ನನಗೆ ಮೊದಲೇ ಗೊತ್ತಿರಲಿಲ್ಲ. ಅವನು ಮೇಜಿನ ಮೇಲೆ ಶೇಕ್ ಹ್ಯಾಂಡ್ ಅಂದುಕೊಂಡು ತಾನೇ ಕಾಲು ಕೊಟ್ಟ, ಆಮೇಲೆ ಕಣ್ಣು ತೆರೆದೇ ಇತ್ತು, ನನ್ನನ್ನೇ ನೋಡುತ್ತಿದ್ದಾನೆ ಎಂದು ಎಷ್ಟೋ ದಿನ ಅಂದುಕೊಂಡಿದ್ದೆ.

ಸಾಯದೆ ಕಳೆದುಹೋದ ನಾಯಿಗಳ ಕಥೆ ಇನ್ನೂ ಕಷ್ಟ. ದೀಪಾವಳಿ ಪಟಾಕಿಗೆ ಹೆದರಿ ಓಡಿದ ನಾಯಿ ಬರಲೇ ಇಲ್ಲ ಎನ್ನುವ ಮನೆಗಳು ಎಲ್ಲ ಬೀದಿಯಲ್ಲೂ ಇವೆ. ಅಮೆರಿಕದ ಪಾಲೀನ್ ಬಾಸ್ ಎಂಬುವರು ಕಾಣೆಯಾದವರ ಮನೆಗಳ ಬಗ್ಗೆ ಬರೆಯುತ್ತಾ ಇದನ್ನು ತುದಿ ಇಲ್ಲದ ನಷ್ಟ ಎಂಬ ಅರ್ಥದಲ್ಲಿ ವಿವರಿಸಿದ್ದಾರೆ. ಅಳುವುದೂ ದ್ರೋಹ ಅನಿಸುತ್ತದೆ, ಕಾಯುವುದೂ ಹುಚ್ಚು ಅನಿಸುತ್ತದೆ. ಅಂಥವರಿಗೆ 'ಮರೆತುಬಿಡಿ' ಅನ್ನಬೇಡಿ, ಅಷ್ಟೇ ನಾನು ಹೇಳಬಲ್ಲೆ.

'ಈಗ ನೀನು ಯಾವ ಹಂತದಲ್ಲಿದ್ದೀಯ?' ಎಂದು ಗೆಳೆಯರೊಬ್ಬರು ಕೇಳಿದರು. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಎಂಬ ದುಃಖದ ಐದು ಹಂತಗಳು ವಾಟ್ಸಾಪಿನಲ್ಲಿ ಎಲ್ಲರಿಗೂ ತಲುಪಿವೆ. ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಇದನ್ನು ಹೇಳಿದ್ದು ತಾವೇ ಸಾಯಲಿದ್ದ ರೋಗಿಗಳ ಜೊತೆ ಮಾತಾಡಿ. ಉಳಿದವರು ಹತ್ತಬೇಕಾದ ಮೆಟ್ಟಿಲು ಎಂದು ಅದನ್ನು ಓದಿದರೆ ಸುಮ್ನೆ ಗೊಂದಲ. ನನಗೆ ಒಪ್ಪಿಗೆಯಾದದ್ದು ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ನೆದರ್‌ಲೆಂಡ್ಸ್‌ನ ಇಬ್ಬರು 1999ರಲ್ಲಿ ಹೇಳಿದ ಮಾತು. ದುಃಖದಲ್ಲಿರುವವರು ಉಯ್ಯಾಲೆ ಹಾಗೆ ಎರಡು ಕಡೆ ತೂಗುತ್ತಿರುತ್ತಾರೆ. ಒಂದು ಕಡೆ ಹೋದವರ ನೆನಪು, ಅಳು. ಇನ್ನೊಂದು ಕಡೆ ಅಡುಗೆ, ಕರೆಂಟ್ ಬಿಲ್ಲು, ನಗು. ಎರಡೂ ಬೇಕು. ಮಧ್ಯಾಹ್ನ ಮದುವೆ ಮನೆಯಲ್ಲಿ ಹೋಳಿಗೆ ಹಾಕಿಸಿಕೊಂಡು ತಿಂದವರು ರಾತ್ರಿ ಸರಪಳಿ ಹಿಡಿದು ಅತ್ತರೆ ಎರಡೂ ನಿಜವೇ.

ಮನೆಯೊಳಗೇ ಒಬ್ಬೊಬ್ಬರದು ಒಂದೊಂದು ರೀತಿ. ಮಕ್ಕಳು ಹೊರಗೆ ಕೆಲಸಕ್ಕೆ ಹೋದ ಮೇಲೆ ಮೈಸೂರಿನಂಥ ಊರಲ್ಲಿ ಇಬ್ಬರೇ ಉಳಿದ ಅಪ್ಪ ಅಮ್ಮಂದಿರ ದಿನಕ್ಕೆ ಗಡಿಯಾರ ಎಂದರೆ ನಾಯಿಯೇ. ಸಂಜೆ ವಾಕಿಂಗ್, ಬೀದಿಯವರ ಜೊತೆ ನಾಲ್ಕು ಮಾತು ಎಲ್ಲ ಅದರ ನೆಪದಲ್ಲಿ. ಕೆಂಚ ಹೋದ ಮೇಲೆ ಅಪ್ಪ ವಾಕಿಂಗ್ ಬಿಟ್ಟರು. ನಾಯಿ ಇಲ್ಲದೆ ಒಬ್ಬರೇ ನಡೆದರೆ ಎಲ್ಲರೂ ಕೇಳುತ್ತಾರಂತೆ. ಅಪ್ಪ ಅತ್ತದ್ದನ್ನು ನಾನು ನೋಡಲಿಲ್ಲ. ತಟ್ಟೆ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದನ್ನು ನೋಡಿದೆ. ಹಿರಿಯರು ಹೀಗೆ ಸುಮ್ಮನಾದರೆ ಅವರಿಗೆ ಏನೂ ಆಗಿಲ್ಲ ಅಂದುಕೊಳ್ಳಬೇಡಿ.

ಮಕ್ಕಳಿಗೆ ನಿಜ ಹೇಳುವುದೇ ಒಳ್ಳೆಯದು. ಐದು ವರ್ಷದೊಳಗಿನ ಮಕ್ಕಳಿಗೆ ಸತ್ತವರು ತಿರುಗಿ ಬರುವುದಿಲ್ಲ ಎಂಬುದು ಪೂರ್ತಿ ಅರ್ಥವಾಗಿರುವುದಿಲ್ಲ, ಐದರಿಂದ ಏಳರ ನಡುವೆ ಸಾಮಾನ್ಯವಾಗಿ ಆಗುತ್ತದೆ. 'ಮಲಗಿದ್ದಾನೆ' ಎಂದರೆ ಮಗು ರಾತ್ರಿ ಮಲಗಲು ಹೆದರುತ್ತದೆ. 'ಊರಿಗೆ ಕಳಿಸಿದ್ವಿ' ಎಂದರೆ ಯಾವ ಊರು, ಯಾವಾಗ ಬರ್ತಾನೆ, ನನ್ನನ್ನೂ ಕಳಿಸ್ತೀರಾ ಎಂದು ಶುರುವಾಗುತ್ತದೆ. ಅಣ್ಣನ ಮಗಳಿಗೆ ನಾವು, ಅವನ ಮೈ ಕೆಲಸ ಮಾಡೋದು ನಿಲ್ಲಿಸ್ತು, ಅವನು ಸತ್ತೋದ, ಇನ್ನು ಬರಲ್ಲ ಎಂದೇ ಹೇಳಿದೆವು. ಅವಳು ಒಂದು ಗಳಿಗೆ ಯೋಚಿಸಿ, "ಹಾಗಾದ್ರೆ ಅವನ ಬಿಸ್ಕತ್ತು ಯಾರಿಗೆ?" ಎಂದಳು.

ಮನೆಯಲ್ಲಿ ಎರಡನೇ ನಾಯಿ ಇದ್ದರೆ ಅದರ ಕಡೆಯೂ ನೋಡಿ. 2022ರಲ್ಲಿ ಇಟಲಿಯಲ್ಲಿ ಎರಡು ನಾಯಿಗಳಲ್ಲಿ ಒಂದನ್ನು ಕಳೆದುಕೊಂಡ 426 ಮಂದಿಯನ್ನು ಕೇಳಿದಾಗ 86 ಶೇಕಡಾ ಜನ ಉಳಿದ ನಾಯಿಯ ನಡವಳಿಕೆ ಬದಲಾಗಿದೆ ಎಂದರು. ಆಟ ಕಡಿಮೆ, ಊಟ ಕಡಿಮೆ, ಮನೆಯವರ ಹಿಂದೆ ಹಿಂದೆ ಸುತ್ತುವುದು ಜಾಸ್ತಿ. ಅದು ನಮ್ಮ ಹಾಗೆಯೇ ದುಃಖವೋ, ಅಥವಾ ನಮ್ಮ ದುಃಖ ನೋಡಿ ಅದಕ್ಕಾಗುವ ಗಾಬರಿಯೋ ಬಿಡಿಸುವುದು ಕಷ್ಟ. ಊಟ, ವಾಕಿಂಗ್ ಹೊತ್ತಿಗೆ ಸರಿಯಾಗಿ ಆದರೆ ಅದಕ್ಕೆ ಅರ್ಧ ಸಮಾಧಾನ. ನಮಗೂ.

ಮಣ್ಣು ಮಾಡುವ ವಿಷಯ ಬೇಗ ಹೇಳಿಬಿಡುತ್ತೇನೆ. ಊರ ಕಡೆ ತೋಟ ಇದ್ದವರು ತೆಂಗಿನ ಬುಡದಲ್ಲೋ ಮಾವಿನ ಬುಡದಲ್ಲೋ ಹೂಳುತ್ತಾರೆ. ಗುಂಡಿ ಮೂರು ನಾಲ್ಕು ಅಡಿಯಾದರೂ ಇರಲಿ, ಪ್ಲಾಸ್ಟಿಕ್ ಬೇಡ, ಹತ್ತಿ ಬಟ್ಟೆ ಸಾಕು, ಬಾವಿಯಿಂದ ದೂರ. ಇಂಜೆಕ್ಷನ್ ಕೊಡಿಸಿದ್ದರೆ ಇನ್ನೂ ಆಳ ಇರಲಿ, ಬೇರೆ ಪ್ರಾಣಿ ಕೆದಕಿ ತಿಂದರೆ ಮದ್ದು ಅದಕ್ಕೂ ಏರುತ್ತದೆ. ಬೆಂಗಳೂರಿನಲ್ಲಿ ಫ್ಲಾಟಿನಲ್ಲಿ ಇರುವವರಿಗೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ಸಾಕುಪ್ರಾಣಿ ಸ್ಮಶಾನ ಇದೆ, ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರ ಇದೆ. ಮುದಿ ನಾಯಿ ಇರುವವರು ಈ ವಿಚಾರಣೆಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ಅಪಶಕುನ ಏನಲ್ಲ. ರಾತ್ರಿ ಹನ್ನೊಂದು ಗಂಟೆಗೆ ಅಳುತ್ತಾ ಗೂಗಲ್ ಮಾಡುವುದಕ್ಕಿಂತ ಒಳ್ಳೆಯದು. ಶಾಸ್ತ್ರದಲ್ಲಿ ನಾಯಿಗೆ ತಿಥಿ ಇಲ್ಲ, ಸರಿ. ಆದರೆ ಹನ್ನೊಂದನೇ ದಿನ ಅಮ್ಮ ಒಂದು ಎಲೆಯಲ್ಲಿ ಮೊಸರನ್ನ ಕಲಸಿ ಅವನನ್ನು ಹೂಳಿದ ಕಡೆ ಇಟ್ಟು ಬಂದಳು. ಯಾವ ಪುರೋಹಿತರನ್ನೂ ಕೇಳಲಿಲ್ಲ.

ಜನ ಹೇಳುವ ಸಮಾಧಾನಗಳಲ್ಲಿ ಒಂದಿದೆ, 'ಮನೆ ಮೇಲೆ ಬರ್ತಿದ್ದ ಗಂಡಾಂತರವನ್ನ ಅದು ತಗೊಂಡು ಹೋಯ್ತು' ಅಂತ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆಗಲೇ ತಪ್ಪಿತಸ್ಥ ಭಾವದಲ್ಲಿ ಇರುವವರಿಗೆ, ನನ್ನ ಪಾಲಿನದನ್ನು ಅವನು ತಿಂದ ಎಂದು ಅದು ಇನ್ನೊಂದು ಹೊರೆ. 'ಋಣ ಅಷ್ಟೇ ಇತ್ತು' ಎಂಬುದು ನನಗೆ ಪರವಾಗಿಲ್ಲ ಅನಿಸಿತು, ಅದರಲ್ಲಿ ಯಾರ ತಪ್ಪೂ ಇಲ್ಲ. 'ಇನ್ನೊಂದು ಮರಿ ತಂದ್ಕೊಳ್ಳಿ' ಎಂಬುದನ್ನು ಮಾತ್ರ ಮೊದಲ ತಿಂಗಳಲ್ಲಿ ಹೇಳಲೇಬೇಡಿ. ಹೊಸ ನಾಯಿ ತರುವುದಕ್ಕೆ ಇಷ್ಟು ದಿನ ಅಂತ ಲೆಕ್ಕ ಇಲ್ಲ. ಹೊಸ ಮರಿ ಸೋಫಾ ಕಡಿದಾಗ 'ಅವನಾಗಿದ್ರೆ ಹೀಗೆ ಮಾಡ್ತಿರ್ಲಿಲ್ಲ' ಎನ್ನುವ ಹಾಗಿದ್ದರೆ ಇನ್ನೂ ಸ್ವಲ್ಪ ತಡೆಯಿರಿ, ಪಾಪ ಆ ಮರಿಗಾದರೂ.

ಹೆಚ್ಚಿನವರಿಗೆ ತಿಂಗಳುಗಳು ಕಳೆದಂತೆ ನೋವಿನ ಮೊನೆ ಮೊಂಡಾಗುತ್ತದೆ. ಆಗುತ್ತಿಲ್ಲ, ನಿದ್ದೆ ಊಟ ಎರಡೂ ಬಿಟ್ಟಿದೆ, ಕೆಲಸಕ್ಕೆ ಹೋಗಲಾಗುತ್ತಿಲ್ಲ, ಬದುಕಿ ಏನು ಎಂಬ ಯೋಚನೆ ಬರುತ್ತಿದೆ ಎಂದಾದರೆ ನಾಯಿಗೋಸ್ಕರ ಡಾಕ್ಟರ ಹತ್ತಿರ ಹೋಗೋದಾ ಎಂದು ಸಂಕೋಚ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಮ್ಮ ಬೀದಿಗೆ ಬೆಳಿಗ್ಗೆ ಐದೂವರೆಗೆ ಹಾಲಿನವರು ಬರುತ್ತಾರೆ, ಟಿವಿಎಸ್ ಮೇಲೆ ಎರಡು ಕ್ಯಾನು ಕಟ್ಟಿಕೊಂಡು. ಹದಿಮೂರು ವರ್ಷ ಕೆಂಚ ಅವರನ್ನು ಕಂಡು ದಿನವೂ ಬೊಗಳಿದ್ದ, ಅವರು ದಿನವೂ ಬೈದಿದ್ದರು. ನಾಲ್ಕನೇ ದಿನ ನಾನು ಪಾತ್ರೆ ಹಿಡಿದು ಹೋದಾಗ ಗೇಟಿನೊಳಗೆ ಇಣುಕಿ, "ಎಲ್ಲಿ, ಸದ್ದೇ ಇಲ್ಲ?" ಎಂದರು. ಹೇಳಿದೆ. 'ಅದು ಹೋಯ್ತು' ಎಂದೇ ಹೇಳಿದೆ, ಅಷ್ಟರಲ್ಲಿ ಅಭ್ಯಾಸವಾಗಿತ್ತು. ಅವರು ಗಾಡಿ ಆಫ್ ಮಾಡಿ ಸ್ಟ್ಯಾಂಡ್ ಹಾಕಿದರು. "ಯಾವತ್ತು? ಊಟ ಮಾಡ್ತಿದ್ನಾ ಕೊನೆಗೆ? ಎಲ್ಲಿ ಮಣ್ಣು ಮಾಡಿದ್ರಿ ಅವನ್ನ?" ಎಂದು ಒಂದೊಂದಾಗಿ ಕೇಳಿದರು. ಮುಂದಿನ ಮನೆಯವರು ಹಾಲು ಹಾಲು ಎಂದು ಕೂಗುತ್ತಿದ್ದರು. ನಾನು ಎಲ್ಲಾ ಹೇಳಿದೆ, ಮೊದಲಿನಿಂದ.